ಓರ್ಫಾಳ ಚುನಾವಣೆ ಕೇಕು

ಕನೆಕ್ಟಿಕಟ್‌ನ ನಮ್ಮೂರಿನಲ್ಲಿ ಮತದಾನದ ದಿನ ಒಣದ್ರಾಕ್ಷಿಯ ದೊಡ್ಡ ಕೇಕು ಮಾಡಿ ಹಂಚುವುದು ಹಳೆಯ ರೂಢಿ. ಮತ ಹಾಕುತ್ತಿದ್ದವರು ಗಂಡಸರು, ಒಲೆಯ ಮುಂದೆ ಬೇಯುತ್ತಿದ್ದವರು ನಾವು. ಆ ಕೇಕನ್ನು ಓರ್ಫಾ ಲಿಂಡ್‌ಕ್ವಿಸ್ಟ್‌ಳಷ್ಟು ಚೆನ್ನಾಗಿ ಮಾಡುವವರಿರಲಿಲ್ಲ. ಹೆಂಗಸರಿಗೂ ಮತ ಬೇಕೆಂದು ಅವಳಷ್ಟು ಬೀದಿ ಅಲೆದವರೂ ಇರಲಿಲ್ಲ. ಮೆರವಣಿಗೆಯಲ್ಲಿ ಕೊಳೆತ ಮೊಟ್ಟೆ ಮೈಮೇಲೆ ಬಿದ್ದಾಗ, "ಎಸೆಯೋದು ಎಸೀತೀರಿ, ತಾಜಾದ್ದಾದ್ರೂ ಎಸೀಬಾರ್ದೇನ್ರೋ? ಕೇಕಿಗಾಗ್ತಿತ್ತು!" ಎಂದು ಬೈದವಳು ಅವಳು.

1920ರಲ್ಲಿ ಹಕ್ಕು ಬಂತು. ಮತದಾರರ ಪಟ್ಟಿಗೆ ನಾವೆಲ್ಲ ಹೆಸರು ಬರೆಸಲು ಹೋದಾಗ ಗುಮಾಸ್ತ ಅವಳೊಬ್ಬಳನ್ನು ತಡೆದ.

"ನಿಮ್ಮ ಯಜಮಾನ್ರು ಸ್ವೀಡನ್ನಿನವ್ರು, ಇಲ್ಲಿಯ ಪೌರತ್ವ ತಗೊಂಡಿಲ್ಲ. ಅವ್ರನ್ನ ಮದುವೆಯಾದ ದಿನಾನೇ ನೀವೂ ಆ ದೇಶದವ್ರಾದ್ರಿ ಕಣಮ್ಮಾ. ಕಾನೂನು ಹಾಗಿದೆ."

"ನಾನು ಹುಟ್ಟಿದ್ದು ಇದೇ ಬೀದೀಲಿ ಕಣಯ್ಯಾ! ಸ್ವೀಡನ್ ಯಾವ ದಿಕ್ಕಿಗಿದೆ ಅಂತಾನೂ ನಂಗೊತ್ತಿಲ್ಲ."

ನವೆಂಬರಿನಲ್ಲಿ ನಾವೆಲ್ಲ ಸಾಲಾಗಿ ಒಳಗೆ ಹೋಗಿ ಮತ ಹಾಕಿದೆವು. ನಗುತ್ತ ಹೊರಗೆ ಬಂದರೆ, ಕೇಕು ಹಂಚುವ ಅದೇ ಹಳೆಯ ಮೇಜಿನ ಹಿಂದೆ ಓರ್ಫಾ ಒಬ್ಬಳೇ ನಿಂತಿದ್ದಳು. ನನ್ನ ಮುಖ ನೋಡದೆ ಒಂದು ಹೋಳು ಕೊಯ್ದು ಕೊಟ್ಟಳು.

"ತಗೋಳೇ, ತಿನ್ನು. ಪರದೇಶದೋಳ ಕೈರುಚಿ ಹೇಗಿದೆ ನೋಡು."