ಮಸಣದ ದಾರಿಯ ನಕ್ಷೆ

ಕೊಳ್ಳೇಗಾಲದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಖಾತೆ, ಜಾತಿ ಪತ್ರ, ಯಾರು ಏನು ತಂದರೂ ನಿಮಿಷದಲ್ಲಿ ನಕಲು ತೆಗೆದುಕೊಡುತ್ತೇನೆ. ನನಗೇ ಬೇಕಾದ ಒಂದು ಹಾಳೆಯ ನಕಲಿಗಾಗಿ ಮಾತ್ರ ಹುಚ್ಚಿಯ ಹಾಗೆ ಅಲೆದೆ. ಅದು ನಮ್ಮೂರಿನ ಗ್ರಾಮ ನಕ್ಷೆ.

ನಮ್ಮೂರು ಹನೂರಿನ ಕಡೆ. ಊರಿಂದ ಮಸಣಕ್ಕೆ ಹೋಗುವ ಬಂಡಿದಾರಿ ಒಂದು ಹೊಲದ ನಡುವೆ ಹಾದು ಹೋಗುತ್ತಿತ್ತು. ಆ ಹೊಲವನ್ನು ಹೊಸದಾಗಿ ಕೊಂಡ ಯಜಮಾನರು ಕಲ್ಲುಕಂಬ ನೆಟ್ಟು, ತಂತಿ ಎಳೆದು, ಗೇಟಿಗೆ ಬೀಗ ಹಾಕಿಬಿಟ್ಟರು. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ದಿಕ್ಕು ತಿರುಗಿಸುವ ಕಲ್ಲೂ ಬೇಲಿಯೊಳಗೆ ಸೇರಿಹೋಯಿತು. ಕೆಟ್ಟ ಮನುಷ್ಯರೇನಲ್ಲ. ಸಾವಾದ ಮನೆಯವರು ಹೋಗಿ ಕೇಳಿಕೊಂಡರೆ ಬೀಗ ತೆಗೆಯುತ್ತಿದ್ದರು. ಊರವರಿಗೂ ಅದು ರೂಢಿಯಾಗಿ ಹೋಗಿತ್ತು.

ನಮ್ಮಪ್ಪನಿಗೆ ಆ ಕೇಳಿಕೊಳ್ಳುವುದೇ ಆಗದು. ಹಾಸಿಗೆ ಹಿಡಿದ ಮೇಲೆ ಅವನದು ಒಂದೇ ಮಾತು. "ನನ್ನ ಯಾರ್ನೂ ಕೇಳ್ಕಂಡು ಒತ್ಕಂಡೋಗ್‌ಬ್ಯಾಡಿ ಕಣ್ಮಗಾ. ನಮ್ಮವ್ವನ್ ಎಣ ಯಾರ್ನೂ ಕೇಳ್ಕಂಡು ಓಗ್ಲಿಲ್ಲ. ಅದು ಸರ್ಕಾರಿ ದಾರಿ, ನಕ್ಸೇಲದೆ."

ನಕ್ಷೆ ಸಿಕ್ಕಿದ್ದರೆ ಅದನ್ನೇ ತೋರಿಸಿ ಗೇಟು ತೆಗೆಸಬಹುದಿತ್ತು. ಮೊಬೈಲಿನಲ್ಲಿ ಸಿಗುವ ನಕ್ಷೆಯಲ್ಲಿ ನಮ್ಮ ಮೂಲೆಯೇ ಮಸುಕು. ಸಹಿ, ಸೀಲು ಇರುವ ಪ್ರತಿಯೇ ಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಒಂದು ಕಚೇರಿಯವರು ಕಡತ ಇನ್ನೊಂದು ಕಚೇರಿಯಲ್ಲಿದೆ ಎಂದು ಹಿಂಬರಹ ಕೊಟ್ಟರು. ಅಲ್ಲಿನವರು ಕಡತ ಇಲ್ಲಿಂದ ಎಂದೋ ಹೋಯಿತು ಎಂದರು. ಯಾವ ಕಚೇರಿ ಅಂತ ಹೇಳುವುದಿಲ್ಲ, ನಾಳೆ ನಾನು ಅಂಗಡಿ ತೆಗೆಯಬೇಕು. ಕಾನೂನು ಕೊಡು ಅನ್ನುತ್ತದೆ, ಮೇಜಿನ ಹಿಂದೆ ಕೂತವರು ಇಲ್ಲ ಅನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಮೇಲ್ಮನವಿ ಹಾಕಿದೆ. ವಿಚಾರಣೆಗೆ ದಿನ ಗೊತ್ತಾಗುವಷ್ಟರಲ್ಲಿ ಅಪ್ಪ ಅನ್ನ ಬಿಟ್ಟಿದ್ದ. ಮಾದಪ್ಪನಿಗೆ ಹರಕೆ ಹೊತ್ತೆ. ಅಪ್ಪ ಬದುಕಲಿ ಎಂದಲ್ಲ, ಅದಾಗುವುದಿಲ್ಲ ಎಂದು ಗೊತ್ತಿತ್ತು. ವಿಚಾರಣೆ ಮುಗಿಯುವ ತನಕ ಉಸಿರು ಇರಲಿ ಎಂದು. ಗಂಜಿ ಕುಡಿಸುತ್ತಾ, "ತಡ್ಕಳಪ್ಪಾ, ಇನ್ನೊಸಿ ದಿನ ತಡ್ಕೊ" ಅನ್ನುತ್ತಿದ್ದೆ. ಸಾಯುವವನಿಗೆ ಯಾವ ಮಗಳಾದರೂ ಹಾಗೆ ಹೇಳುತ್ತಾಳೆಯೇ? ಅಷ್ಟು ಕೆಟ್ಟು ಕೂತಿದ್ದೆ ನಾನು.

ಅಪ್ಪ ತಡೆದುಕೊಳ್ಳಲಿಲ್ಲ.

ಚಟ್ಟ ಕಟ್ಟುತ್ತಿರುವಾಗಲೇ ಯಜಮಾನರು ತಾವಾಗಿ ಬಂದರು. ಹೆಣಕ್ಕೆ ಕೈಮುಗಿದರು, ಕಣ್ಣೊರೆಸಿಕೊಂಡರು. ಯಾರೂ ಕೇಳುವ ಮೊದಲೇ ಬೀಗದ ಕೈಯನ್ನು ನನ್ನ ಸೋದರಮಾವನ ಕೈಗಿಟ್ಟು, "ನಮ್ ಒಲ್ದಲ್ಲೇ ತಕಂಡೋಗಿ" ಎಂದರು.

"ಅದು ನಿಮ್ ಒಲ ಅಲ್ಲ, ದಾರಿ" ಎಂದೆ.

"ಎಣ ಮುಂದಿಟ್ಕಂಡು ಜಗ್ಳ ಆಡ್ತೀಯಲ್ಲ, ಸುಮ್ನಿರು!" ಮಾವ ಗದರಿದ. ಇಡೀ ಬೀದಿ ನನ್ನ ಮುಖ ನೋಡಿತು. ಹೆಂಗಸರು ಗೇಟಿನ ಹತ್ತಿರ ನಿಂತೆವು. ಗಂಡಸರು ಒಳಗೆ ಹೋದರು, ಕಲ್ಲಿನ ಮೇಲೆ ಅಪ್ಪನನ್ನು ಇಳಿಸಿದರು, ದಿಕ್ಕು ತಿರುಗಿಸಿ ಮತ್ತೆ ಎತ್ತಿಕೊಂಡರು. ಅವನ ಒಂದೇ ಒಂದು ಮಾತನ್ನು ನಡೆಸಿಕೊಡಲಾಗಲಿಲ್ಲ. ಎಲ್ಲರೂ ಹೊರಗೆ ಬಂದ ಮೇಲೆ ಯಜಮಾನರು ಬೀಗ ಹಾಕಿಕೊಂಡು ಹೋದರು.

ತಿಥಿ ಮುಗಿದ ಮೇಲೆ ವಿಚಾರಣೆ ಬಂತು. ಕಚೇರಿಯವರು ಮೇಲಧಿಕಾರಿಯ ಮುಂದೆ ಒಂದು ಹೇಳಿಕೆ ಇಟ್ಟರು. ಅರ್ಜಿದಾರರ ತಂದೆಯ ಅಂತ್ಯಕ್ರಿಯೆಗೆ ಜಮೀನಿನ ಮಾಲೀಕರು ದಾರಿ ಬಿಟ್ಟಿದ್ದಾರೆ ಎಂದು ಅದರಲ್ಲಿತ್ತು. ಕೆಳಗೆ ಊರವರ ಸಹಿ, ಅದರಲ್ಲಿ ಮಾವನದೂ.

"ಮತ್ತಿನ್ನೇನಮ್ಮ, ದಾರಿ ಸಿಕ್ಕಿತಲ್ಲ?" ಅಧಿಕಾರಿ ಮೆತ್ತಗೆ ಕೇಳಿದರು. ನಿಜವಾಗಿಯೂ ಸಮಾಧಾನ ಮಾಡುವ ದನಿ ಅದು.

"ನಾನ್ ದಾರಿ ಕೇಳ್ಲಿಲ್ಲ ಸಾ, ನಕ್ಸೆ ಕೇಳಿದ್ದು. ಅವ್ರು ಬುಟ್ರೆ ಓಗೋದಲ್ಲ, ನಮ್ ದಾರೀಲಿ ನಾವೋಗೋದು..." ಅಷ್ಟರಲ್ಲಿ ಅಳು ಬಂತು. ತಂದೆ ಹೋದ ದುಃಖ ಎಂದುಕೊಂಡರು. ಸಮಸ್ಯೆ ಸೌಹಾರ್ದದಿಂದ ಬಗೆಹರಿದಿದೆ, ಮೇಲ್ಮನವಿ ವಿಲೇವಾರಿ ಎಂದು ಆದೇಶ ಬರೆಸಿದರು. ಅದರ ಪ್ರತಿಯನ್ನು ಮಾತ್ರ ಕೇಳದೆಯೇ ಕೈಗಿಟ್ಟರು.

ಇದರ ಮೇಲೆ ಮಾಹಿತಿ ಆಯೋಗವಿದೆ. ಅಲ್ಲಿಗೂ ಬರೆದಿದ್ದೇನೆ. ಕರೆ ಯಾವಾಗ ಬರುತ್ತದೋ ಆ ಮಾದಪ್ಪನಿಗೂ ಗೊತ್ತಿಲ್ಲ.

ವಿಚಾರಣೆಯ ದಿನ ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಡೆದದ್ದನ್ನು ಹೇಳಿದೆ. "ಅಂಗಾರೆ ಈಗ್ಲೇ ಓಗಿ ನನ್ ಎಣಕ್ಕೂ ದಾರಿ ಬುಡಿ ಅಂತ ಒಂದ್ ಮಾತ್ ಕೇಳಿಟ್ಬುಡು ಮಗಾ. ಅವ್ರು ಒಳ್ಳೆ ಮನ್ಸಲ್ಲವ್ರೆ" ಎಂದಳು.

ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಕೆಮ್ಮುತ್ತಾ ಕಾಯಿ ಸುಲಿದಳು. ಆ ಕೆಮ್ಮು ಕೇಳಿ ನನಗೆ ಭಯವಾಯಿತು. ಚಪ್ಪಲಿ ಮೆಟ್ಟಿಕೊಂಡು ಯಜಮಾನರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಕೇಳಿಕೊಂಡೆ.

"ಆಗ್ಲಿ ಬುಡು ತಾಯಿ, ಅದ್ಕೇನಂತೆ" ಎಂದು ಅವರು ಒಳಗಿಂದ ಕಾಫಿ ತರಿಸಿದರು. ಕುಡಿದು ಬಂದೆ.