ಬೊಗಸೆ ತೌಡಿಗೆ ಕೊಂಡ ಮಗು

ಕಾಕಾ ಆ ಮಾತು ಅಂದದ್ದು ಗೋಪನಕೊಪ್ಪದ ಹೊಲದ ಬದುವಿನಲ್ಲೋ, ನಮ್ಮ ಮನೆಯ ಕಟ್ಟೆಯ ಮೇಲೋ? ಎರಡೂ ಕಡೆ ಅವನನ್ನು ನಿಲ್ಲಿಸಿ ನೋಡಿದ್ದೇನೆ. ಎರಡೂ ಕಡೆ ಸಲೀಸಾಗಿ ನಿಲ್ಲುತ್ತಾನೆ. ಅದಕ್ಕೇ ನನ್ನ ನೆನಪನ್ನು ನಂಬುವುದಿಲ್ಲ. ಮಾತು ಮಾತ್ರ ಹಾಗೇ ಇದೆ.

"ನಿಮ್ಮಜ್ಜ ನಮ್ಮ ರಕ್ತದಾಂವ ಅಲ್ಲಲೇ. ಬೊಗಸಿ ತೌಡು ಕೊಟ್ಟು ತಂದ ಕೂಸು. ತೌಡಿನ ವಂಶಕ್ಕ ಹೊಲ ಯಾಕಬೇಕು?"

ಕಾಕಾ ಅಜ್ಜನ ತಮ್ಮನ ಮಗ. ಅಪ್ಪ ತೀರಿ ವರ್ಷವಾಗಿರಲಿಲ್ಲ. ಕಾಕಾನ ಮಾತೇ ನಿಜವೆಂದಾದರೆ ಅವ್ವನ ಕೈಯಲ್ಲಿದ್ದ ಹೊಲ ಹೋಗುತ್ತಿತ್ತು. ಅರವತ್ತರ ದಶಕದ ಆರಂಭ. ನಾನು ಧಾರವಾಡದಲ್ಲಿ ಓದುತ್ತಿದ್ದೆ, ಬರೆದಿಟ್ಟದ್ದೆಲ್ಲ ನಿಜವೆಂದು ನಂಬಿದ್ದೆ.

ಅಜ್ಜ ಓದಿದ ಸಾಲೆಯ ಹಳೆಯ ದಾಖಲೆ ತೆಗೆಸಿದೆ. ಅಜ್ಜನ ತಂದೆ ಎಂದು ಪಕ್ಕದ ಮನೆಯವನ ಹೆಸರಿತ್ತು. ಕಾಕಾ ಹಲ್ಲು ಕಿರಿದ. ಎತ್ತಿನ ಮೇಲೆ ಬಂದು ಮನೆತನಗಳ ವಂಶ ಓದುವ ಹೆಳವನ ಪುಸ್ತಕದಲ್ಲಿ ಅಜ್ಜ ನಮ್ಮ ಮನೆಯ ಹಿರಿಮಗ.

"ಹೆಳವಗ ನಿಮ್ಮವ್ವ ಎಷ್ಟು ಜ್ವಾಳ ಹಾಕ್ಯಾಳ ಕೇಳು," ಎಂದ ಕಾಕಾ.

ನ್ಯಾಯ ತೀರಿಸಲು ಊರ ಹಿರಿಯರು ಕೂಡಿದ ದಿನ ಅಜ್ಜನ ತಂಗಿ, ಕಾಕಾನ ಸೋದರತ್ತೆ, ಕೋಲೂರಿಕೊಂಡು ಬಂದಳು.

"ನಾಚಿಕಿ ಬರಂಗಿಲ್ಲೇನೋ ನಿನಗ? ನಮ್ಮವ್ವಗ ಮೊದಲಿನ ಮೂರೂ ಕೂಸು ಉಳೀಲಿಲ್ಲ. ಸಾವಿನ ಕಣ್ಣು ತಪ್ಪಸಾಕ ಅಣ್ಣನ್ನ ಹುಟ್ಟಿದ ದಿನಾನ ಬಾಜೂ ಮನಿಯಾಕಿ ಉಡ್ಯಾಗ ಹಾಕಿದ್ರು, ಆಮ್ಯಾಲೆ ತೌಡು ಕೊಟ್ಟು ಕೊಂಡು ತಂದ್ರು. ಸಾಲ್ಯಾಗೂ ಅವರ ಮಗ ಅಂತನ ಬರಸಿದ್ರು, ಸಾವು ಹುಡುಕಿಕೊಂಡು ಬರಬಾರದಂತ. ನಿನ್ನ ಯಾರೂ ತೌಡಿಗೂ ಕೊಳ್ತಿರಲಿಲ್ಲ ಬಿಡು."

ಹಿರಿಯರು ನಕ್ಕರು, ಅಂಥ ಮಕ್ಕಳು ಅವರ ಮನೆಗಳಲ್ಲೂ ಇದ್ದರು. ಹೊಲ ಅವ್ವನದೇ ಎಂದರು. ಕಾಕಾನ ಕಪ್ಪಿಟ್ಟ ಮುಖ ನೋಡಿ ನಾನು ಸುಖಪಟ್ಟೆ. ಅಷ್ಟಕ್ಕೆ ಬಿಡಬೇಕಿತ್ತು. ಅವನ ಬಾಯಿ ಪೂರಾ ಮುಚ್ಚಿಸುವ ಹಟಕ್ಕೆ ಚಾವಡಿಯ ಜನನ ಮರಣದ ಪುಸ್ತಕ ತೆಗೆಸಿದೆ.

ಒಂದೇ ವಾರದಲ್ಲಿ ಎರಡು ಗಂಡುಮಕ್ಕಳ ಜನನ. ಎರಡಕ್ಕೂ ಪಕ್ಕದ ಮನೆಯವನೇ ತಂದೆ. ಒಂದು ಅವರದು, ಒಂದು ಅವರ ಉಡಿಗೆ ಹಾಕಿದ ನಮ್ಮದು. ಮುಂದಿನ ಪುಟದಲ್ಲಿ ಅದೇ ಮನೆಯ ಒಂದು ಗಂಡುಮಗುವಿನ ಮರಣ. ಇನ್ನೂ ಹೆಸರಿಟ್ಟಿರಲಿಲ್ಲ.

ಸತ್ತದ್ದು ಎರಡರಲ್ಲಿ ಯಾವ ಮಗುವೆಂದು ಅಜ್ಜನ ತಂಗಿಯನ್ನು ಕೇಳಿದೆ. "ಹೊಲ ಉಳೀತಲ್ಲೋ? ಸುಮ್ನ ಕುಂದ್ರು," ಎಂದು ಆ ಕಡೆ ಹೊರಳಿದಳು.

ಕಾಕಾನಿಗೆ ಆ ಪುಟ ತೋರಿಸಲಿಲ್ಲ. ಅವನು ಸಾಯುವವರೆಗೂ ನಮ್ಮನ್ನು ತೌಡಿನವರೆಂದೇ ಕರೆದ. ನಾನು ಪ್ರತಿ ಸಲ ಜಗಳಕ್ಕೆ ನಿಂತೆ. ತೌಡು ಕೊಟ್ಟು ತಂದದ್ದು ಯಾರ ಮಗುವನ್ನು ಎಂಬುದು ನನಗೆ ಗೊತ್ತಿಲ್ಲ.