ಅರ್ಧ ಮೀಸೆ, ಪೂರ್ತಿ ಮಾತ್ರೆ

ನಿವೃತ್ತ ಹೆಡ್‌ಮಾಸ್ತರರ ಮೀಸೆ ಆ ಬೆಳಗ್ಗೆ ಒಂದು ಕಡೆ ಮಾತ್ರ ನಿವೃತ್ತಿ ಪಡೆಯಿತು.

ತಪ್ಪು ಸಲೂನಿನ ಯಜಮಾನನದು. ಬೀದಿಯವರೆಲ್ಲ ಅವನನ್ನು ಕತ್ತರಿ ಮಾವ ಎನ್ನುತ್ತಿದ್ದರು. ಗಿರಾಕಿಯ ಕೆನ್ನೆಗೆ ಕಿರುಬೆರಳು ಊರಿ ಕತ್ತಿ ಎಳೆಯುವುದು ಅವನ ಮೂವತ್ತು ವರ್ಷದ ಕ್ರಮ. ಆ ಕಿರುಬೆರಳೇ ಈಗ ನಡುಗಿತ್ತು. ಮೇಷ್ಟ್ರು ಕನ್ನಡಿ ನೋಡಿ, ಉಳಿದರ್ಧವನ್ನು ಸವರಿಕೊಂಡು, "ಇದನ್ನೂ ತೆಗಿಯಪ್ಪ, ಒಂಟಿಯಾಗಿ ಏನು ಮಾಡುತ್ತೆ" ಎಂದರು.

ಅವರು ಹೋದ ಮೇಲೆ ಪಕ್ಕದ ಕುರ್ಚಿ ನೋಡಿಕೊಳ್ಳುವ ಭಾವಮೈದುನ ಬಾಯಿಬಿಟ್ಟ. "ಆ ಮಾತ್ರೆ ನಿಲ್ಸಿ ಭಾವ. ಇಲ್ಲಾಂದ್ರೆ ಅಂಗಡಿ ನಿಲ್ಲುತ್ತೆ."

ಸುಳ್ಳಲ್ಲ. ಆ ವಾರ ಮೂವರು ಗಿರಾಕಿಗಳು ಗಡ್ಡ ಸಮೇತ ಎದುರಿನ ಸಲೂನಿಗೆ ದಾಟಿದ್ದರು. ಆದರೆ ಎರಡು ವರ್ಷದ ಹಿಂದೆ ಮಾತ್ರೆ ಬಿಟ್ಟಾಗ ಮಾವ ನಾಲ್ಕು ದಿನ ನಿದ್ದೆಯಿಲ್ಲದೆ, ಬಾತ್‌ರೂಮಿಗೂ ಸೇರಿಸಿ ಗೋಡೆಗೋಡೆಗೆ ಕನ್ನಡಿ ಹೊಡೆಸಿ, ಇಡೀ ಬೀದಿಗೆ ಪುಕ್ಕಟೆ ಕ್ಷೌರ ಸಾರಿದ್ದ. ಆಮೇಲೆ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ, ತನ್ನ ಗಡ್ಡವನ್ನೂ ಮುಟ್ಟದೆ.

ಡಾಕ್ಟರಮ್ಮ ಆಗಲೇ ಬಿಡಿಸಿ ಹೇಳಿದ್ದರು. ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸುತ್ತವೆ. ಮನಸ್ಸು ಉಬ್ಬಿ ಕುಸಿಯುವ ಈ ಬೈಪೋಲಾರ್ ಕಾಯಿಲೆಯಲ್ಲಿ ಅದು ಒಮ್ಮೆ ಅಬ್ಬರ, ಒಮ್ಮೆ ಪಿಸುಮಾತೂ ಇಲ್ಲ. ನಿದ್ದೆಯ ಗಡಿಯಾರವೂ ಹಳಿ ತಪ್ಪುತ್ತದೆ. ಮಾತ್ರೆಯಲ್ಲಿರುವ ಲಿಥಿಯಂ ಎಂಬ ಉಪ್ಪು ಕೋಶದೊಳಗೆ ಹೋಗಿ ಗದ್ದಲವನ್ನು ಹತೋಟಿಗೆ ತರುತ್ತದೆ, ಹೇಗೆಂದು ವಿಜ್ಞಾನಿಗಳಿಗೂ ಪೂರ್ತಿ ಗೊತ್ತಿಲ್ಲ. ಕೈನಡುಕ ಅದರ ಕೊಸರು. ಈ ಸಲವೂ ರಕ್ತ ಪರೀಕ್ಷಿಸಿ, ಪ್ರಮಾಣ ಸರಿಯಿದೆ, ಬಿಡುವ ಮಾತೇ ಬೇಡ ಎಂದರು.

ಮಾವ ಕತ್ತಿಯನ್ನು ಒರೆಸಿ ಭಾವಮೈದುನನ ಕೈಗಿಟ್ಟ. "ಸದ್ಯಕ್ಕೆ ಗಡ್ಡ ನಿಂದು, ತಲೆ ನಂದು."

"ಮಾತ್ರೆ?"

"ಅದೂ ನಂದೇ."

ಅಂದಿನಿಂದ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಬಲೂನು ಊದಿ, ನೊರೆ ಹಚ್ಚಿ, ಬಲಗೈ ಮಣಿಕಟ್ಟನ್ನು ಎಡ ಅಂಗೈ ಮೇಲೆ ಊರಿ ಕತ್ತಿ ಎಳೆಯತೊಡಗಿದ. ಹದಿನಾರರ ವಯಸ್ಸಿನಲ್ಲಿ ಕಸುಬು ಕಲಿತದ್ದೂ ಹೀಗೆಯೇ. ಮೊದಲ ವಾರ ಒಂದೂ ಉಳಿಯಲಿಲ್ಲ. ಪ್ರತಿ ಸದ್ದಿಗೂ ಭಾವಮೈದುನ "ಇನ್ನೊಬ್ಬರು ಹೋದ್ರು" ಎನ್ನುತ್ತಿದ್ದ. ಮೂರನೆಯ ತಿಂಗಳು ಸದ್ದು ನಿಂತಿತು.

ಆಗ ಮೇಷ್ಟ್ರು ಹೊಸ ಮೀಸೆಯೊಂದಿಗೆ ಬಂದು ಅವನ ಕುರ್ಚಿಯಲ್ಲೇ ಕೂತರು. ಎರಡೂ ಬದಿ ಸಮವಾದ ಮೇಲೆ ಉಸಿರುಬಿಟ್ಟು ಕೇಳಿದರು: "ಇಷ್ಟೆಲ್ಲ ಒದ್ದಾಡೋ ಬದಲು ಮಾತ್ರೆ ಬಿಡಬಹುದಿತ್ತಲ್ಲ? ಬಿಟ್ಟರೆ ಕೈ ನಡುಗಲ್ಲ ಅಂತಾರೆ."

"ಹೋದ ಸಲ ಬಿಟ್ಟಾಗ ಒಂಚೂರೂ ನಡುಗಲಿಲ್ಲ ಸಾರ್," ಎಂದ ಮಾವ. "ನಿಮ್ಮ ಎರಡೂ ಹುಬ್ಬು ತೆಗೆದಿದ್ದು ಆವಾಗ್ಲೇ."